ಪಕ್ಕದಲ್ಲಿ ಏನು ನಿಂತಿದೆ ನೋಡು: ನನಗೆ ‘ಗೆಟ್’ ಕಲಿಸಿದ ಕೋಬಿಲ್ಡ್ ನಿಘಂಟು

‘ಐ ನೆವರ್ ಗಾಟ್ ಟು ಸೇ ಗುಡ್‌ಬೈ.’ ಈ ನಿಘಂಟು ನನ್ನ ಮೇಜಿಗೆ ಬಂದದ್ದು ಈ ಒಂದು ಸಾಲಿನಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಸಬ್‌ಟೈಟಲ್ ಬರೆಯುವವಳು. ಇಂಗ್ಲಿಷ್ ಸಿನಿಮಾ, ಸೀರೀಸ್‌ಗಳ ಮಾತು ಪರದೆಯ ಕೆಳಗೆ ಕನ್ನಡದಲ್ಲಿ ಬರುತ್ತದಲ್ಲ, ಆ ಕೆಲಸ. ಎರಡು ಸಾಲು, ಕೆಲವೇ ಸೆಕೆಂಡು. ಅಷ್ಟರೊಳಗೆ ನೋಡುವವರು ಓದಿ ಮುಗಿಸಿ ಮತ್ತೆ ಪಾತ್ರದ ಮುಖ ನೋಡಬೇಕು. ಒಂದು ಪದ ಎಡವಿದರೂ ಇಡೀ ದೃಶ್ಯ ಎಡವುತ್ತದೆ.

ಆ ದೃಶ್ಯದಲ್ಲಿ ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬಳೇ ಕೂತಿದ್ದಾಳೆ. ಅಪ್ಪ ತೀರಿಕೊಂಡಿದ್ದಾನೆ. ಅವಳು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋಟು ಕೂಡ ಬಿಚ್ಚಿಲ್ಲ. ಯಾರ ಕಡೆಗೂ ನೋಡದೆ ಆ ಮಾತು ಹೇಳುತ್ತಾಳೆ. ನಾನು ಬರೆದದ್ದು ಹೀಗೆ: ‘ನಾನು ವಿದಾಯ ಹೇಳಬೇಕಾಗಿ ಬರಲೇ ಇಲ್ಲ.’ ‘ಗಾಟ್ ಟು’ ಅಂದರೆ ‘ಬೇಕು’ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗೇ ಕಳಿಸಿದೆ.

ನಮ್ಮ ಕೆಲಸ ತಿದ್ದುವ ಹಿರಿಯರೊಬ್ಬರು ಸಂಜೆ ಫೋನ್ ಮಾಡಿದರು. ‘ಆ ಹುಡುಗಿ ಏನಮ್ಮಾ, ವಿದಾಯ ಹೇಳೋ ಕಷ್ಟ ತಪ್ಪಿತು ಅಂತ ನೆಮ್ಮದಿಯಾಗಿದ್ದಾಳಾ? ಅವಳ ಮುಖ ನೋಡು ಒಂದ್ಸಲ’ ಅಂದರು. ನೋಡಿದೆ. ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಅವಳು ಹೇಳುತ್ತಿದ್ದದ್ದು, ‘ಕೊನೆಗೊಂದು ಮಾತು ಆಡೋಕೂ ಆಗಲಿಲ್ಲ’ ಅಂತ. ನಾನು ಅವಳ ದುಃಖವನ್ನೇ ತಿರುಗಿಸಿ ಇಟ್ಟಿದ್ದೆ.

ಯಾವ ನಿಘಂಟು ನೋಡ್ತೀಯ ಅಂತ ಕೇಳಿದರು. ಹೇಳಿದೆ. ನನ್ನ ಹತ್ತಿರ ಇದ್ದದ್ದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಇಂಗ್ಲಿಷ್-ಕನ್ನಡ ನಿಘಂಟು. ಅದರಲ್ಲಿ ‘ಗೆಟ್’ ಎದುರು ಒಂದು ಸಾಲು: ಪಡೆ, ಹೊಂದು, ಗಳಿಸು, ದೊರಕಿಸಿಕೊ. ಯಾವುದೂ ತಪ್ಪಲ್ಲ. ಆದರೆ ಆ ಹುಡುಗಿಯ ಮಾತಿಗೆ ಒಂದೂ ಹೊಂದುವುದಿಲ್ಲ. ‘ಕೋಬಿಲ್ಡ್ ತಗೊಂಡು ಗೆಟ್ ತೆಗಿ. ಅರ್ಥ ಆಮೇಲೆ ಓದು. ಮೊದಲು ಗೆಟ್ ಪಕ್ಕದಲ್ಲಿ ಏನು ನಿಂತಿದೆ ನೋಡು’ ಅಂದರು. ಸರ್ ಹೇಳಿದ ಈ ಒಂದು ಮಾತಿಗೆ ನಾನು ಈಗಲೂ ಋಣಿ.

ಕಾಲಿನ್ಸ್ ಕೋಬಿಲ್ಡ್ ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಕಾಲಿನ್ಸ್ ಪ್ರಕಾಶನ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ. ಮುಖ್ಯ ಸಂಪಾದಕರು ಜಾನ್ ಸಿಂಕ್ಲೇರ್. ಮೊದಲ ಆವೃತ್ತಿ 1987ರಲ್ಲಿ ಬಂತು. ನನ್ನ ಹತ್ತಿರ ಇರುವುದು 1995ರ ಎರಡನೇ ಆವೃತ್ತಿ. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಷ್ಟು ಭಾರ.

ಅದನ್ನು ಕಟ್ಟಿದ ರೀತಿಯೇ ಬೇರೆ. ಸಂಪಾದಕರು ಕೂತು, ತಮಗೆ ಹೊಳೆದ ಅರ್ಥ ಬರೆಯಲಿಲ್ಲ. ಪತ್ರಿಕೆ, ಪುಸ್ತಕ, ರೇಡಿಯೊ, ಜನರ ಮಾತುಕತೆ, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದರು. ಒಂದು ಪದ ಬಂದ ಸಾಲುಗಳನ್ನೆಲ್ಲ ಒಂದರ ಕೆಳಗೆ ಒಂದು ಜೋಡಿಸಿದರು. ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಅಂತ ನೋಡಿದರು. ಆಮೇಲೆ ಅರ್ಥ ಬರೆದರು. ಆ ಸಂಗ್ರಹಕ್ಕೆ 1991ರಿಂದ ಬ್ಯಾಂಕ್ ಆಫ್ ಇಂಗ್ಲಿಷ್ ಅಂತ ಹೆಸರು. ಕೋಟಿಗಟ್ಟಲೆ ಪದಗಳು ಅದರಲ್ಲಿವೆ. ಸರ್ ಹೇಳಿದ ‘ಪಕ್ಕದಲ್ಲಿ ನೋಡು’ ಅನ್ನುವುದು ಅವರ ಸ್ವಂತ ಉಪಾಯ ಅಂದುಕೊಂಡಿದ್ದೆ. ಇಡೀ ನಿಘಂಟೇ ಆ ಮಾತಿನ ಮೇಲೆ ನಿಂತಿದೆ ಅಂತ ಆಮೇಲೆ ಗೊತ್ತಾಯಿತು.

ಎರಡನೇ ವಿಶೇಷ, ಅರ್ಥವನ್ನು ಪೂರ್ತಿ ವಾಕ್ಯದಲ್ಲಿ ಹೇಳುವುದು. ಬೇರೆ ನಿಘಂಟುಗಳಲ್ಲಿ ಒಂದು ಪದಕ್ಕೆ ಇನ್ನೊಂದು ಪದ ಸಿಗುತ್ತದೆ. ಇಲ್ಲಿ ಎದುರಿಗೆ ಕೂತ ಟೀಚರ್ ಮಾತಾಡಿದ ಹಾಗಿರುತ್ತದೆ. ಗೆಟ್‌ನ ಮೊದಲ ಅರ್ಥ ಹೇಗಿದೆ ಗೊತ್ತಾ? ಗುಣ ಹೇಳುವ ಪದದ ಜೊತೆ ಗೆಟ್ ಬಳಸಿದರೆ ‘ಆಗು’ ಎಂಬ ಅರ್ಥ ಬರುತ್ತದೆ; ಯಾರಾದರೂ ‘ಗೆಟ್ ಕೋಲ್ಡ್’ ಅಂದರೆ ಅವರಿಗೆ ಚಳಿಯಾಗುತ್ತದೆ, ‘ಗೆಟ್ ಆಂಗ್ರಿ’ ಅಂದರೆ ಸಿಟ್ಟಾಗುತ್ತಾರೆ. ಇದು ನನ್ನ ಮಾತಿನಲ್ಲಿ ಹೇಳಿದ ಸಾರ. ಗಮನಿಸಿ, ನಮ್ಮ ಚಿಕ್ಕ ನಿಘಂಟುಗಳಲ್ಲಿ ಮೊದಲು ಬರುವ ‘ಪಡೆ’ ಇಲ್ಲಿ ಮೊದಲಿಲ್ಲ. ‘ಆಗು’ ಮೊದಲಿದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಸ್ಕೂಲಿನಿಂದ ಗೆಟ್ ಅಂದರೆ ಪಡೆ, ಗೆಟ್ ಅಂದರೆ ಪಡೆ ಅಂತ ಉರು ಹೊಡೆದವಳು ನಾನು.

ಗೆಟ್ ಅಷ್ಟು ದೊಡ್ಡ ಪದವಾದ್ದರಿಂದ ಅದನ್ನು ನಾಲ್ಕು ಭಾಗ ಮಾಡಿದ್ದಾರೆ. ಆಗುವುದು, ಮಾಡಿಸುವುದು, ಹೋಗಿ ಸೇರುವುದು ಒಂದರಲ್ಲಿ. ಸಿಗುವುದು, ಬರುವುದು, ತರುವುದು, ಅರ್ಥವಾಗುವುದು ಎರಡನೆಯದರಲ್ಲಿ. ನುಡಿಗಟ್ಟುಗಳು ಮೂರನೆಯದು. ‘ಗೆಟ್ ಅಪ್’, ‘ಗೆಟ್ ಓವರ್’ ಥರದ ಜೋಡಿಗಳು ನಾಲ್ಕನೆಯದು. ಪುಟದ ಬದಿಯಲ್ಲಿ ಒಂದು ಸಣ್ಣ ಕಾಲಮ್ ಇದೆ. ಗೆಟ್ ಆದಮೇಲೆ ಏನು ಬರುತ್ತದೆ ಅಂತ ಚಿಕ್ಕ ಅಕ್ಷರದ ಗುರುತಿನಲ್ಲಿ ಅಲ್ಲಿ ಕೊಟ್ಟಿದ್ದಾರೆ. ನಾಮಪದವಾ, ಗುಣವಾಚಕವಾ, ‘ಟು’ ಇರುವ ಕ್ರಿಯಾಪದವಾ ಅಂತ. ನನಗೆ ಆ ಕಾಲಮ್ಮೇ ಚಿನ್ನ. ಅರ್ಥದ ಸಾಲಿಗಿಂತ ಜಾಸ್ತಿ ಅದನ್ನೇ ನೋಡುತ್ತೇನೆ.

ನನ್ನನ್ನು ಎಡವಿಸಿದ ‘ಗೆಟ್ ಟು’ ಹುಡುಕಿದೆ. ಗೆಟ್, ಆಮೇಲೆ ಟು, ಆಮೇಲೆ ಕ್ರಿಯಾಪದ ಬಂದರೆ ಆ ಕೆಲಸ ಮಾಡಲು ಸಾಧ್ಯವಾಗುವುದು, ಅವಕಾಶ ಸಿಗುವುದು ಅಂತ ಸ್ಪಷ್ಟವಾಗಿದೆ. ‘ಹ್ಯಾವ್ ಗಾಟ್ ಟು’ ಬೇರೆ ಕಡೆ ಇದೆ. ಅದು ‘ಬೇಕು’, ‘ಲೇಬೇಕು’. ‘ಹಿ ಗಾಟ್ ಟು ಸೀ ಹರ್’ ಅಂದರೆ ಅವನಿಗೆ ಅವಳನ್ನು ನೋಡಲು ಸಿಕ್ಕಿತು. ‘ಹೀಸ್ ಗಾಟ್ ಟು ಸೀ ಹರ್’ ಅಂದರೆ ಅವನು ಅವಳನ್ನು ನೋಡಲೇಬೇಕು. ನಡುವೆ ಇರುವುದು ಒಂದು ‘ಸ್’ ಶಬ್ದ. ಮಾತಿನ ವೇಗದಲ್ಲಿ ಅದೂ ಕೆಲವೊಮ್ಮೆ ನುಂಗಿಹೋಗುತ್ತದೆ. ಸಲಿಗೆಯ ಮಾತಿನಲ್ಲಿ ‘ಐ ಗಾಟ್ ಟು ಗೋ’ ಅಂತ ಹೇಳಿ ‘ನಾನು ಹೊರಡಬೇಕು’ ಅನ್ನುವವರೂ ಇದ್ದಾರೆ. ಆಗ ಹಿಂದುಮುಂದಿನ ಮಾತೇ ಗತಿ. ಆದರೆ ‘ನೆವರ್ ಗಾಟ್ ಟು’ ಅಂತ ಬಂದರೆ ನನಗೆ ಈಗ ಅನುಮಾನವಿಲ್ಲ. ಅದು ಕೈತಪ್ಪಿದ ಅವಕಾಶ. ಅಲ್ಲಿ ಒಂದು ನೋವು ಇದ್ದೇ ಇರುತ್ತದೆ.

ಇನ್ನು ನಾನು ಅತಿ ಹೆಚ್ಚು ಕಲಿತ ಜಾಗಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾದರೂ ಇದನ್ನು ಹೇಳಲೇಬೇಕು.

‘ಆಗು’ ಅಂತ ಗೊತ್ತಾದ ಮೇಲೆ ಎಲ್ಲ ಸಲೀಸು ಅಂದುಕೊಂಡೆ. ಕತ್ತಲಾಯಿತು, ಸುಸ್ತಾಯಿತು, ತಡವಾಯಿತು, ಬೇಜಾರಾಯಿತು. ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ಗೆಟ್, ಕನ್ನಡದಲ್ಲಿ ಎಲ್ಲದಕ್ಕೂ ಆಗು. ಆದರೆ ಸಿಟ್ಟು? ‘ಅವನಿಗೆ ಸಿಟ್ಟು ಬಂತು.’ ನಿದ್ದೆ ಬಂತು. ನಗು ಬಂತು. ಜ್ವರ ಬಂತು. ಸರಿ, ಮೈ ಮನಸ್ಸಿನ ಒಳಗಿನದಾದರೆ ‘ಬರು’, ಹೊರಗಿನದಾದರೆ ‘ಆಗು’ ಅಂತ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಒಂದು ವಾರ ನಿಲ್ಲಲಿಲ್ಲ ಅದು. ಸಿಟ್ಟು ಬರುತ್ತದೆ, ಆದರೆ ಖುಷಿ ಆಗುತ್ತದೆ. ಅಳು ಬರುತ್ತದೆ, ಆದರೆ ಹಸಿವು ಆಗುತ್ತದೆ. ಎರಡೂ ಒಳಗಿನವೇ ಅಲ್ವಾ? ಹುಷಾರು ತಪ್ಪುತ್ತದೆ, ದಾರಿ ತಪ್ಪುತ್ತದೆ. ಅಲ್ಲಿ ಆಗುವುದೂ ಇಲ್ಲ, ಬರುವುದೂ ಇಲ್ಲ. ನಮ್ಮ ಭಾಷೆ ಇಷ್ಟು ಬಗೆಯಾಗಿ ಹಂಚಿಟ್ಟಿರುವುದನ್ನು ಇಂಗ್ಲಿಷ್ ಒಂದೇ ಗೆಟ್‌ನಲ್ಲಿ ಕಟ್ಟಿಟ್ಟಿದೆ. ಒಂದು ಇಂಗ್ಲಿಷ್ ನಿಘಂಟು ಓದುತ್ತಾ ನಾನು ಕನ್ನಡದ ಬಗ್ಗೆ ಇಷ್ಟೆಲ್ಲ ಯೋಚಿಸಿದ್ದು ಅದೇ ಮೊದಲು.

ಇನ್ನೊಂದು ಸಂಗತಿ. ಇಂಗ್ಲಿಷ್‌ನಲ್ಲಿ ಗೆಟ್‌ಗೆ ಮನುಷ್ಯನೇ ಕರ್ತೃ. ಐ ಗಾಟ್, ಶಿ ಗಾಟ್. ಕನ್ನಡದಲ್ಲಿ ಮನುಷ್ಯ ಪಕ್ಕಕ್ಕೆ ಸರಿದು ‘ನನಗೆ’, ‘ಅವಳಿಗೆ’ ಆಗುತ್ತಾನೆ. ವಸ್ತು ತಾನಾಗಿ ಬರುತ್ತದೆ, ಸಿಗುತ್ತದೆ. ‘ಶಿ ಗಾಟ್ ಎ ಲೆಟರ್’ ಅಂದರೆ ‘ಅವಳಿಗೊಂದು ಕಾಗದ ಬಂತು.’ ನಾನು ಮೊದಮೊದಲು ‘ಅವಳು ಪತ್ರವನ್ನು ಪಡೆದಳು’ ಅಂತ ಬರೆಯುತ್ತಿದ್ದೆ. ವ್ಯಾಕರಣ ಸರಿ. ಆದರೆ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡಿದ್ದು ಕೇಳಿದ್ದೀರಾ?

ಇಲ್ಲಿಯೂ ಕೋಬಿಲ್ಡ್ ಒಂದು ಸಣ್ಣ ಸಾಲಿನಿಂದ ಕಣ್ಣು ತೆರೆಸಿತು. ಗೆಟ್ ಬಹುತೇಕ ಅರ್ಥಗಳಲ್ಲಿ ಸಲಿಗೆಯ ಮಾತಿನ ಪದ ಅಂತ ಅದು ಆರಂಭದಲ್ಲೇ ಹೇಳುತ್ತದೆ. ‘ರಿಸೀವ್’, ‘ಅಬ್ಟೇನ್’, ‘ಬಿಕಮ್’ ಇವು ಬರವಣಿಗೆಯ ಗತ್ತು ಇರುವ ಪದಗಳು. ‘ಪಡೆ’, ‘ಹೊಂದು’ ಕೂಡ ಅದೇ ಗತ್ತಿನವು. ಅಂದರೆ ನನ್ನ ಹಳೆಯ ನಿಘಂಟು ಮನೆಯ ಮಾತಿಗೆ ಕಚೇರಿಯ ಬಟ್ಟೆ ತೊಡಿಸಿತ್ತು. ಸ್ಕೂಲಿನಲ್ಲಿ ನಮ್ಮ ಟೀಚರ್ ಪ್ರಬಂಧದಲ್ಲಿ ಗೆಟ್ ಬಂದ ಕಡೆಯೆಲ್ಲ ಕೆಂಪು ಗೆರೆ ಎಳೆಯುತ್ತಿದ್ದರು. ಯಾಕೆ ಅಂತ ಹೇಳುತ್ತಿರಲಿಲ್ಲ. ಪ್ರಬಂಧಕ್ಕೆ ಅದು ಸಲಿಗೆಯ ಪದ, ಮಾತಿಗೆ ಅದೇ ಸರಿಯಾದ ಪದ ಅಂತ ಆಗಲೇ ಹೇಳಿದ್ದರೆ ನಾನು ಇಷ್ಟು ವರ್ಷ ಗೆಟ್ ಕಂಡರೆ ಹೆದರುತ್ತಿರಲಿಲ್ಲ.

ಮಾಡಿಸುವ ಗೆಟ್. ‘ಐ ಗಾಟ್ ಹಿಮ್ ಟು ಸೈನ್.’ ಅವನ ಕೈಲಿ ಸಹಿ ಹಾಕಿಸಿದೆ. ‘ಐ ಮೇಡ್ ಹಿಮ್ ಸೈನ್’ ಅಂದರೂ ಕನ್ನಡದಲ್ಲಿ ಅದೇ, ಸಹಿ ಹಾಕಿಸಿದೆ. ‘ಐ ಹ್ಯಾಡ್ ಹಿಮ್ ಸೈನ್’ ಅಂದರೂ ಅದೇ. ನಮ್ಮ ‘ಇಸು’ ಮೂರನ್ನೂ ನುಂಗಿಬಿಡುತ್ತದೆ. ಆದರೆ ಇಂಗ್ಲಿಷ್‌ನಲ್ಲಿ ಮೂರೂ ಬೇರೆ ಬೇರೆ ಮನುಷ್ಯರ ಮಾತು. ‘ಮೇಕ್’ನಲ್ಲಿ ಬಲವಂತ ಇದೆ. ‘ಹ್ಯಾವ್’ನಲ್ಲಿ ಹೇಳಿದರೆ ಮಾಡುವ ವ್ಯವಸ್ಥೆ ಇದೆ. ‘ಗೆಟ್’ನಲ್ಲಿ ಒಪ್ಪಿಸುವ ಪಾಡು ಇದೆ. ಕೇಳಿಕೊಂಡು, ಪುಸಲಾಯಿಸಿ, ಬೆನ್ನುಹತ್ತಿ ಮಾಡಿಸುವುದು. ಬದಿಯ ಕಾಲಮ್ ಇನ್ನೊಂದು ವ್ಯತ್ಯಾಸ ತೋರಿಸುತ್ತದೆ. ಗೆಟ್ ಆದರೆ ನಡುವೆ ‘ಟು’ ಬೇಕು, ಮೇಕ್ ಮತ್ತು ಹ್ಯಾವ್‌ಗೆ ಬೇಡ. ಈಗ ನಾನು ‘ಹೇಗೋ ಒಪ್ಪಿಸಿ ಸಹಿ ಹಾಕಿಸಿದೆ’ ಅಂತ ಬರೆಯುತ್ತೇನೆ. ‘ಹೇಗೋ’ ಎಂಬ ಎರಡಕ್ಷರದಲ್ಲಿ ಆ ಪಾಡೆಲ್ಲ ಬಂದುಬಿಡುತ್ತದೆ.

ಇದಕ್ಕಿಂತ ಸೊಗಸಾದದ್ದು ಮುಂದಿದೆ. ‘ಹಿ ಗಾಟ್ ಹಿಸ್ ಹೇರ್ ಕಟ್.’ ‘ಹಿ ಗಾಟ್ ಹಿಸ್ ನೋಸ್ ಬ್ರೋಕನ್.’ ಎರಡರ ಕಟ್ಟಡವೂ ಒಂದೇ. ಮೊದಲನೆಯದು ಅವನು ಬಯಸಿ ಮಾಡಿಸಿಕೊಂಡದ್ದು. ಎರಡನೆಯದನ್ನು ಯಾರೂ ಬಯಸುವುದಿಲ್ಲ. ಒಂದೇ ಗೆಟ್ ಬೇಕಾದದ್ದನ್ನೂ ಬೇಡವಾದದ್ದನ್ನೂ ಹೇಗೆ ಹೇಳುತ್ತದೆ ಅಂತ ನಾನು ತುಂಬಾ ಹೊತ್ತು ತಲೆ ಕೆಡಿಸಿಕೊಂಡೆ. ಆಮೇಲೆ ಎರಡನ್ನೂ ಕನ್ನಡದಲ್ಲಿ ಜೋರಾಗಿ ಹೇಳಿದೆ. ಕಟಿಂಗ್ ಮಾಡಿಸಿಕೊಂಡ. ಮೂಗು ಮುರಿಸಿಕೊಂಡ. ಕೇಳಿಸಿತಾ? ಎರಡರಲ್ಲೂ ‘ಇಸಿಕೊಂಡ’! ಒಂದು ಬಯಸಿದ್ದು, ಇನ್ನೊಂದು ಬಯಸದೆ ಬಂದದ್ದು, ಬಾಲ ಮಾತ್ರ ಒಂದೇ. ಕನ್ನಡ ಇದನ್ನು ಯಾವತ್ತಿನಿಂದಲೋ ಮಾಡುತ್ತಾ ಬಂದಿದೆ. ನನಗೆ ಮೈ ಜುಮ್ಮೆಂದಿತು.

ಅಲ್ಲಿಂದ ‘ಗಾಟ್’ ಇರುವ ಕರ್ಮಣಿ ವಾಕ್ಯಗಳ ಬಾಗಿಲೂ ತೆರೆಯಿತು. ‘ಹಿ ಗಾಟ್ ಬೀಟನ್’ ಅನ್ನು ನಾನು ಒಂದು ಕಾಲದಲ್ಲಿ ‘ಅವನು ಹೊಡೆಯಲ್ಪಟ್ಟನು’ ಅಂತ ಬರೆದವಳು. ‘ಅಲ್ಪಡು’ ಎಂಬ ಆ ಬಾಲ ಪಾಠದ ಪುಸ್ತಕದಲ್ಲಿ ಇರಲಿ. ಹೊಡೆಸಿಕೊಂಡ, ಬೈಸಿಕೊಂಡ, ಕಚ್ಚಿಸಿಕೊಂಡ, ಒದೆ ತಿಂದ, ಸಿಕ್ಕಿಬಿದ್ದ. ಜನ ಆಡುವ ಮಾತು ಇವು. ‘ವಾಸ್ ಬೀಟನ್’ ಅಂದರೆ ಬರೀ ಸುದ್ದಿ, ಅವನಿಗೆ ಹೊಡೆದರು. ‘ಗಾಟ್ ಬೀಟನ್’ ಅಂದರೆ ಅದು ಅವನ ಪಾಲಿಗೆ ಬಂದ ಕಷ್ಟ. ಎಷ್ಟೋ ಸಲ ಅವನೇ ಏನೋ ಮಾಡಿ ತಂದುಕೊಂಡದ್ದು ಎಂಬ ನೆರಳೂ ಇರುತ್ತದೆ. ‘ಹೊಡೆಸಿಕೊಂಡ’ದಲ್ಲೂ ಆ ನೆರಳು ಹಾಗೇ ಇದೆ ನೋಡಿ.

ಒಂದು ಎಚ್ಚರಿಕೆ. ಇದು ಮನುಷ್ಯರಿಗೆ, ಪ್ರಾಣಿಗಳಿಗೆ ಸರಿ. ‘ದಿ ವಿಂಡೋ ಗಾಟ್ ಬ್ರೋಕನ್’ ಅಂತ ಬಂದರೆ ಕಿಟಕಿ ಒಡೆಸಿಕೊಳ್ಳುವುದಿಲ್ಲ, ಒಡೆದುಹೋಗುತ್ತದೆ. ಜೀವ ಇಲ್ಲದ್ದಕ್ಕೆ ನಮ್ಮಲ್ಲಿ ‘ಹೋಗು’ ಇದೆ. ಹರಿದುಹೋಯಿತು, ಕಳೆದುಹೋಯಿತು, ಸುಟ್ಟುಹೋಯಿತು. ಇದನ್ನು ಕೋಬಿಲ್ಡ್ ಹೇಳಿಕೊಡುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಆದರೆ ಬೇರೆ ಬೇರೆ ಕರ್ತೃ ಇರುವ ಉದಾಹರಣೆಗಳನ್ನು ಸಾಲಾಗಿ ಕೊಟ್ಟದ್ದರಿಂದ ನಾನು ಅಲ್ಲಿಗೆ ಹೋಗಿ ಮುಟ್ಟಿದೆ.

ಎರಡನೇ ಭಾಗದ ‘ಸಿಗು’ ಅರ್ಥಗಳಲ್ಲಿ ಜಾಸ್ತಿ ತೊಡಕಿಲ್ಲ. ಒಂದು ಸಾಲು ಮಾತ್ರ ಹೇಳುತ್ತೇನೆ. ‘ಯು ಗೆಟ್’ ಅನ್ನುವುದನ್ನು ಮಾತಿನಲ್ಲಿ ‘ಇದೆ’, ‘ಇರುತ್ತದೆ’ ಎಂಬ ಅರ್ಥಕ್ಕೂ ಬಳಸುತ್ತಾರೆ ಅಂತ ಕೋಬಿಲ್ಡ್ ಬೇರೆಯಾಗಿ ಗುರುತಿಸಿದೆ. ‘ಯು ಗೆಟ್ ಎ ಲಾಟ್ ಆಫ್ ಬರ್ಡ್ಸ್ ಹಿಯರ್’ ಅಂತ ಒಬ್ಬ ಮುದುಕ ಕೆರೆಯ ಹತ್ತಿರ ಹೇಳಿದರೆ ಯಾರಿಗೂ ಹಕ್ಕಿ ಸಿಗುತ್ತಿಲ್ಲ. ‘ಇಲ್ಲಿ ಹಕ್ಕಿ ಜಾಸ್ತಿ’ ಅಷ್ಟೇ. ಇಂಥದ್ದನ್ನು ಹಿಡಿಯಬೇಕಾದರೆ ಜನ ಮಾತಾಡುವುದನ್ನು ಕೂತು ಕೇಳಿರಬೇಕು.

ಕೊನೆಯ ಭಾಗದ ಜೋಡಿಪದಗಳಿಗೆ ನಾನೇ ಒಂದು ನೋಟ್‌ಬುಕ್ ಮಾಡಿಕೊಂಡಿದ್ದೇನೆ. ‘ಗೆಟ್ ಅಲಾಂಗ್’ ಹೊಂದಿಕೊಂಡು ಹೋಗುವುದು. ‘ಗೆಟ್ ಬೈ’ ಹೇಗೋ ದಿನ ದೂಡುವುದು. ‘ಗೆಟ್ ಓವರ್’ ಸುಧಾರಿಸಿಕೊಳ್ಳುವುದು. ‘ವಾಟ್ ಆರ್ ಯು ಗೆಟಿಂಗ್ ಅಟ್’ ಅಂದರೆ ‘ಏನು ಹೇಳೋಕೆ ಹೊರಟಿದ್ದೀರಿ?’ ಇವೆಲ್ಲ ಬೇಗ ಬಂದವು. ‘ಗೆಟ್ ಅವೇ ವಿತ್’ ಮಾತ್ರ ತುಂಬಾ ದಿನ ಕಾಡಿತು. ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗುವುದು ಅಂತ ಅರ್ಥ ಸ್ಪಷ್ಟವಾಗಿದೆ. ಆದರೆ ‘ಶಿಕ್ಷೆಯಿಲ್ಲದೆ ಪಾರಾದ’ ಅಂತ ಎರಡು ಸಾಲಿನ ಜಾಗದಲ್ಲಿ ಎಷ್ಟು ಸಲ ಬರೆಯುವುದು? ಸಿಟ್ಟಿನಲ್ಲಿ ಆಡುವ ಮಾತಿಗೆ ಅದರಲ್ಲಿ ಖಾರವೂ ಇಲ್ಲ. ಒಂದು ದಿನ ಅಮ್ಮ ಫೋನಿನಲ್ಲಿ ಯಾರದೋ ವಿಷಯಕ್ಕೆ, ‘ಅಷ್ಟೆಲ್ಲ ಮಾಡಿ ದಕ್ಕಿಸಿಕೊಂಡ ನೋಡು’ ಅಂದರು. ದಕ್ಕಿಸಿಕೊಂಡ! ಒಂದೇ ಪದ, ಹೊಟ್ಟೆಯುರಿಯೂ ಅದರೊಳಗೇ ಇದೆ. ಫೋನ್ ಕೆಳಗಿಡದೆ ಬರೆದುಕೊಂಡೆ.

ಅಮೆರಿಕದವರ ‘ಗಾಟನ್’ ಬಗ್ಗೆ ಒಂದು ಮಾತು. ಬ್ರಿಟಿಷ್ ಪಾತ್ರ ‘ಹ್ಯಾವ್ ಗಾಟ್’ ಅನ್ನುವ ಕಡೆ ಅಮೆರಿಕದ ಪಾತ್ರ ಕೆಲವೊಮ್ಮೆ ‘ಹ್ಯಾವ್ ಗಾಟನ್’ ಅನ್ನುತ್ತದೆ. ಅಮೆರಿಕದಲ್ಲಿ ಎರಡೂ ಇವೆ, ಎರಡಕ್ಕೂ ಬೇರೆ ಕೆಲಸ ಇದೆ. ‘ವೀವ್ ಗಾಟ್ ಟಿಕೆಟ್ಸ್’ ಅಂದರೆ ಟಿಕೆಟ್ ಕೈಯಲ್ಲಿದೆ. ‘ವೀವ್ ಗಾಟನ್ ಟಿಕೆಟ್ಸ್’ ಅಂದರೆ ಟಿಕೆಟ್ ಸಿಕ್ಕಿತು. ಅದು ಅಶುದ್ಧ ಇಂಗ್ಲಿಷ್ ಅನ್ನುವವರಿದ್ದಾರೆ, ಹಾಗಲ್ಲ. ಗಾಟನ್ ಹಳೆಯ ರೂಪ. ಬ್ರಿಟನ್ನಿನಲ್ಲಿ ಅದು ಬಿದ್ದುಹೋಯಿತು, ಅಮೆರಿಕದಲ್ಲಿ ಉಳಿಯಿತು. ಬ್ರಿಟನ್ನಿನಲ್ಲೂ ‘ಫರ್ಗಾಟನ್’ ಒಳಗೆ ಅದು ಇನ್ನೂ ಬದುಕಿದೆ.

ಈ ಥರದ ಹುಟ್ಟಿನ ಕಥೆ ಕೋಬಿಲ್ಡ್‌ನಲ್ಲಿ ಸಿಗುವುದಿಲ್ಲ. ಗೆಟ್ ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ ಇಂಗ್ಲಿಷ್‌ಗೆ ಬಂತು, ‘ಫರ್ಗೆಟ್’, ‘ಬಿಗೆಟ್’ ಅದರ ಹತ್ತಿರದ ನೆಂಟರು ಅಂತ ನಾನು ಬೇರೆ ಕಡೆ ಓದಿ ತಿಳಿದೆ. ಪದಗಳ ಬೇರು ಹುಡುಕುವವರಿಗೆ ಆಕ್ಸ್‌ಫರ್ಡ್‌ನ ಬಹುಸಂಪುಟಗಳ ದೊಡ್ಡ ಕೋಶವೇ ಸರಿ. ಅದರ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಒಂದೇ ಕ್ರಿಯಾಪದಕ್ಕೆ 430 ಅರ್ಥ. ಆಮೇಲೆ ‘ರನ್’ ಪರಿಷ್ಕರಿಸಿದಾಗ 645 ಆದವು. ಆ ವಿದ್ವತ್ತಿಗೆ ಕೈ ಮುಗಿಯುತ್ತೇನೆ. ಆದರೆ ಗಡುವು ತಲೆ ಮೇಲಿರುವಾಗ ಆ ಸಮುದ್ರಕ್ಕೆ ಇಳಿಯಲು ಆಗುವುದಿಲ್ಲ.

ಕಲಿಯುವವರ ನಿಘಂಟುಗಳಲ್ಲಿ ಇನ್ನೆರಡು ಹೆಸರು ಹೇಳಲೇಬೇಕು. ಒಂದು, ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಕಟ್ಟಿದ ನಿಘಂಟು. 1942ರಲ್ಲಿ ಟೋಕಿಯೊದಲ್ಲಿ ಮೊದಲು ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಕ್ರಿಯಾಪದದ ಆಮೇಲೆ ಏನು ಬರಬಹುದು ಎಂಬುದನ್ನು ಮಾದರಿಗಳಾಗಿ ವಿಂಗಡಿಸಿ ತೋರಿಸಿದ್ದು ಅವರ ದೊಡ್ಡ ಕೆಲಸ. ಇನ್ನೊಂದು, 1978ರಲ್ಲಿ ಬಂದ ಲಾಂಗ್‌ಮನ್. ಅರ್ಥ ಹೇಳಲು ಸುಮಾರು 2000 ಸುಲಭ ಪದಗಳನ್ನೇ ಬಳಸುತ್ತೇವೆ ಅಂತ ಕಟ್ಟು ಹಾಕಿಕೊಂಡ ನಿಘಂಟು. ಈಗಷ್ಟೇ ಇಂಗ್ಲಿಷ್-ಇಂಗ್ಲಿಷ್‌ಗೆ ಕೈ ಹಾಕುವವರಿಗೆ ನಾನು ಲಾಂಗ್‌ಮನ್ನೇ ಹೇಳುತ್ತೇನೆ. ಕೋಬಿಲ್ಡ್‌ನ ಉದ್ದ ಉದ್ದ ವಾಕ್ಯ ಮೊದಲಿಗೆ ದಣಿಸಬಹುದು. ‘ಕಲ್ಲಂಗಡಿ’, ‘ಸ್ಕ್ರೂ’ ಥರದ ವಸ್ತುವಿನ ಹೆಸರಿಗೆ ಪೂರ್ತಿ ವಾಕ್ಯ ಬೇಕೂ ಇಲ್ಲ, ಅಲ್ಲಿ ಜಾಗ ದಂಡವಾಗುತ್ತದೆ. ಅದರ ಶಕ್ತಿ ಇರುವುದು ಕ್ರಿಯಾಪದದಲ್ಲಿ. ಗೆಟ್, ಟೇಕ್, ಪುಟ್, ಮೇಕ್ ಇಂಥ ದಿನಬಳಕೆಯ ಪದಗಳು ಬಂದಾಗ ನಾನು ಬೇರೆ ಯಾವುದನ್ನೂ ತೆರೆಯುವುದಿಲ್ಲ.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಕಾಲಿನ್ಸ್ ವೆಬ್‌ಸೈಟಿನಲ್ಲಿ ಕೋಬಿಲ್ಡ್ ಅರ್ಥಗಳು ದುಡ್ಡಿಲ್ಲದೆ ಸಿಗುತ್ತವೆ. ಒಂದು ಅರ್ಥ ಥಟ್ಟನೆ ಬೇಕಾದರೆ ನಾನೂ ಫೋನಿನಲ್ಲೇ ನೋಡುತ್ತೇನೆ. ಆದರೆ ಗೆಟ್‌ನಂಥ ಪದವನ್ನು ಪುಟದ ಮೇಲೆ ಹರಡಿ ನೋಡುವುದೇ ಬೇರೆ. ಫೋನಿನಲ್ಲಿ ಬೆರಳು ಜಾರಿಸುತ್ತಾ ಹೋದರೆ ಮೂರನೇ ಅರ್ಥಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಪುಟದಲ್ಲಿ ಆದರೆ ಒಂದು ಬೆರಳು ಇಲ್ಲಿಟ್ಟು, ಇನ್ನೊಂದು ಅಲ್ಲಿಟ್ಟು ಹೋಲಿಸಬಹುದು. ನನ್ನ ಪ್ರತಿಯಲ್ಲಿ ಗೆಟ್ ಇರುವ ಹಾಳೆಗಳ ಅಂಚು ಕಪ್ಪಾಗಿದೆ. ಪುಸ್ತಕ ಸುಮ್ನೆ ಮೇಜಿನ ಮೇಲೆ ಇಟ್ಟರೆ ತಾನಾಗೇ ಅಲ್ಲಿ ತೆರೆದುಕೊಳ್ಳುತ್ತದೆ.

ಈ ವಾರ ಬಂದ ಸಾಲು: ‘ಐ ಡೋಂಟ್ ಗೆಟ್ ಯೂ.’ ಹೆಂಡತಿ ಗಂಡನಿಗೆ ಹೇಳುವುದು. ಅರ್ಥವಾಗುವ ಗೆಟ್ ಇದು, ಎರಡನೇ ಭಾಗದಲ್ಲಿದೆ. ಅಲ್ಲಿವರೆಗೆ ಸಲೀಸು. ಆದರೆ ‘ನೀವು ಹೇಳಿದ್ದು ಗೊತ್ತಾಗಲಿಲ್ಲ’ ಅಂತ ಬರೆಯಲಾ, ‘ನೀವು ನನಗೆ ಅರ್ಥವೇ ಆಗಲ್ಲ’ ಅಂತ ಬರೆಯಲಾ? ಒಂದು ಆ ಕ್ಷಣದ ಮಾತು. ಇನ್ನೊಂದು ಇಡೀ ಸಂಸಾರದ ಮಾತು. ಅವಳು ಪಾತ್ರೆ ತೊಳೆಯುತ್ತಾ ಬೆನ್ನು ಮಾಡಿ ನಿಂತಿದ್ದಾಳೆ, ಮುಖ ಕಾಣುವುದಿಲ್ಲ. ಹಿಂದಿನ ಎರಡು ಕಂತು ಇನ್ನೊಮ್ಮೆ ನೋಡಿ, ಆಮೇಲೆ ಬರೆಯುತ್ತೇನೆ.